ವಸಡಿನ ಬಣ್ಣದ ರೆಕ್ಕೆ

ಕೊಳದ ಹಿಂದಿನ ಬೀದಿ, ಮಹಡಿ ಮನೆ,
ಹದಿನಾಲ್ಕನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಳಿಯನಿಗೆ,

ಮಾವನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೋ, ಇಲ್ಲ ಲಿಫ್ಟಿನ ಗುಂಡಿಗೆ ಇಳಿದು ಇಳಿದು ಅದನ್ನು ಇನ್ನೂ ಸಾಕುತ್ತಿದ್ದೀಯೋ? ಊರಿನವರನ್ನೆಲ್ಲ ಮೇಲಿನ ಮಹಡಿಗೆ ಕಳಿಸುವವನು ನೀನು, ನೀನು ಮಾತ್ರ ದಿನವಿಡೀ ತಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತೀಯ. ಬಲಗಡೆಯ ಕೆಳದವಡೆಯ ಹಲ್ಲನ್ನು ಡಾಕ್ಟರಿಗೆ ತೋರಿಸಿದೆಯಾ? ಹೋದ ಸಲ ಬಂದಾಗ ನೀನು ಎಡಗಡೆಯಲ್ಲೇ ಅಗಿಯುತ್ತಿದ್ದುದನ್ನು ನೋಡಿದೆ. ನೀನು ಬಾಯಿಬಿಟ್ಟು ಹೇಳದಿದ್ದರೂ ಬಾಯೊಳಗಿನದು ನನಗೆ ಗೊತ್ತಾಗುತ್ತದೆ, ಜೀವಮಾನವೆಲ್ಲ ಹಲ್ಲಿನ ಸೆಟ್ಟು ಮಾಡಿದವನಲ್ಲವೇ. ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಈ ವಾರ ಸ್ವಲ್ಪ ನೆಗಡಿಯಾಗಿತ್ತು, ಅದರ ಕಾರಣ ಮುಂದೆ ಬರುತ್ತದೆ, ಓದಿ ಬಯ್ಯಬೇಡ.

ಫೋನು ಇರುವಾಗ ಮುದುಕ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಾವಿಬ್ಬರೂ ಕೆಲಸಕ್ಕೆ ಬಾರದವರು ಕಣಪ್ಪ. 'ಊಟ ಆಯ್ತಾ ಮಾವ?' 'ಆಯ್ತು, ನಿಂದು?' 'ಆಯ್ತು.' ಅಷ್ಟಕ್ಕೇ ಇಬ್ಬರ ಬಂಡವಾಳವೂ ಖಾಲಿ. ಕಳೆದ ಸಲ ನೀನು 'ಮಾವ, ಒಂದು ವಿಷಯ ಹೇಳ್ಬೇಕಿತ್ತು' ಎಂದು ಶುರುಮಾಡಿ, ಗಂಟಲು ಸರಿಮಾಡಿಕೊಂಡು, ಕೊನೆಗೆ 'ಅಲ್ಲಿ ಸೆಕೆ ಜಾಸ್ತಿನಾ?' ಎಂದು ಕೇಳಿ ಫೋನಿಟ್ಟೆ. ಸೆಕೆಯ ವಿಷಯ ಕೇಳಲು ಯಾರೂ ಅಷ್ಟು ಹೊತ್ತು ಕೆಮ್ಮುವುದಿಲ್ಲ. ಆಮೇಲೆ ನಿನ್ನ ಫೋನೂ ಬರಲಿಲ್ಲ. ನಾನೇ ಮಾಡಬಹುದಿತ್ತು, ಮಾಡಲಿಲ್ಲ. ಯಾಕೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಅಳಿಯ ಅಲ್ಲ, ಮಗಳ ಗಂಡ ಎಂದು ಜನ ಗಾದೆ ಹೇಳಿ ನಗುತ್ತಾರೆ, ಎರಡೂ ಒಂದೇ ಎಂದು. ಮಗಳೇ ಹೋದ ಮೇಲೆ ಆ ಗಾದೆಯನ್ನು ನಾನು ಯಾವ ಬಾಯಲ್ಲಿ ಹೇಳಲಿ? ನಿನಗೂ ನನಗೂ ನಡುವೆ ಇದ್ದವಳು ಅವಳು. ಅವಳಿಲ್ಲದೆ ಎರಡು ವರ್ಷ ದಾಟಿದರೂ ನೀನು ನನ್ನನ್ನು ಮಾವ ಎಂದೇ ಕರೆಯುತ್ತಿದ್ದೀಯ. ಈ ಭೂಮಿಯ ಮೇಲೆ ಹಾಗೆ ಕರೆಯುವವನು ನೀನೊಬ್ಬನೇ. ಆ ಕರೆಯೂ ಒಂದು ದಿನ ಮೆಲ್ಲಗೆ ನಿಂತುಹೋಗುತ್ತದೇನೋ ಎಂಬ ಯೋಚನೆ ಬಂದಾಗಿನಿಂದ ಮಧ್ಯಾಹ್ನದ ನಿದ್ದೆ ಹಾಳಾಗಿದೆ.

ಇರಲಿ, ಸುದ್ದಿಗೆ ಬರುತ್ತೇನೆ. ನಮ್ಮ ಆಟದ ಸಬ್‌ಮರೀನು ಮತ್ತೆ ನೀರಿಗಿಳಿಯಿತು. ಮೇಣದ ಪೆಟ್ಟಿಗೆ ಹುಡುಕಲು ಬೀರುವಿನ ಮೇಲೆ ಕೈಯಾಡಿಸಿದಾಗ ಆ ಪ್ಲಾಸ್ಟಿಕ್ ಚೀಲ ಸಿಕ್ಕಿತು. ತೆಗೆದು ನೋಡುತ್ತೇನೆ, ನಾವಿಬ್ಬರೂ ಎಂಥ ಜಾಣರು ಎಂದರೆ ಕೊನೆಯ ಸಲ ಆಡಿಸಿ ಬಂದವರು ಸೆಲ್ಲುಗಳನ್ನು ಹೊಟ್ಟೆಯಲ್ಲೇ ಬಿಟ್ಟಿದ್ದೇವೆ. ಒಳಗೆಲ್ಲ ಹಸಿರು ಪಾಚಿಯ ಹಾಗೆ ಕಿಲುಬು, ಅದರ ಮೇಲೆ ಬಿಳಿ ಉಪ್ಪು. ಯಾರನ್ನು ಬಯ್ಯಲಿ? ಆ ಭಾನುವಾರ ಸಂಜೆಯೇ ಅವಳಿಗೆ ಜ್ವರ ಬಂದದ್ದು. ಸೆಲ್ಲು ತೆಗೆಯಬೇಕೆಂದು ಯಾರಿಗೆ ನೆನಪಿರುತ್ತದೆ. ಚೀಲವನ್ನು ಹಾಗೇ ಕಟ್ಟಿ ಮತ್ತೆ ಬೀರುವಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ನೀರು ಕುಡಿದು, ಮತ್ತೆ ಬಂದು ಇಳಿಸಿದೆ. ಹಾಗೆ ಎಷ್ಟು ಸಲ ಕುರ್ಚಿ ಹತ್ತಿಳಿದೆನೋ. ಕೊನೆಗೆ ಕುರ್ಚಿಯೇ ಕಿರಗುಟ್ಟಿ ಸಾಕು ಎಂದಿತು.

ನಿಮ್ಮ ಮದುವೆಯ ಹೊಸದರಲ್ಲಿ ಭಾನುವಾರ ಎಂದರೆ ನಮ್ಮಿಬ್ಬರಿಗೂ ಶಿಕ್ಷೆಯಾಗಿತ್ತು, ನೆನಪಿದೆಯಾ? ಒಂದು ಪೇಪರನ್ನು ಎರಡು ಭಾಗ ಮಾಡಿಕೊಂಡು ಎದುರುಬದುರು ಕೂತಿರುತ್ತಿದ್ದೆವು. 'ಅಳಿಯಂದಿರೇ, ತಮ್ಮದು ಓದಿ ಆಯಿತೇ?' ಎಂದು ನಾನು, 'ತಾವೇ ಓದಿ ಮಾವ' ಎಂದು ನೀನು. ಇಬ್ಬರು ರಾಯಭಾರಿಗಳು ಸಂಧಾನಕ್ಕೆ ಕೂತ ಹಾಗೆ. ನಮ್ಮ ಜಡ್ಜಮ್ಮ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ನನ್ನ ಮಗಳಿಗೆ ನಾನು ಇಟ್ಟ ಆ ಹೆಸರು ಸುಮ್ಮನೆ ಬಂದದ್ದಲ್ಲ, ಚಿಕ್ಕವಳಿದ್ದಾಗಲೇ ಬೀದಿಯ ಜಗಳಕ್ಕೆಲ್ಲ ಅವಳದೇ ತೀರ್ಪು. ಒಂದು ದಿನ ಆಟದ ಸಾಮಾನಿನ ಅಂಗಡಿಯಿಂದ, ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ, ಡಬ್ಬ ನಜ್ಜುಗುಜ್ಜಾಗಿದ್ದ ಈ ಸಬ್‌ಮರೀನನ್ನು ತಂದು ನಮ್ಮಿಬ್ಬರ ನಡುವಿನ ಟೀಪಾಯಿಯ ಮೇಲೆ ಕುಕ್ಕಿದಳು. 'ಇಬ್ರೂ ಕೊಳಕ್ಕೆ ಹೋಗಿ. ಊಟದ ಹೊತ್ತಿಗಿಂತ ಮುಂಚೆ ಬಂದ್ರೆ ಬಾಗಿಲು ತೆಗಿಯಲ್ಲ.' ಮೀಸೆ ಹೊತ್ತ ಇಬ್ಬರು ಗಂಡಸರು ಕದ್ದ ಕೋಳಿಯ ಹಾಗೆ ಅದನ್ನು ಚೀಲದಲ್ಲಿ ಮುಚ್ಚಿಕೊಂಡು ಹೋದೆವು.

ಅದನ್ನು ಒಬ್ಬರೇ ಆಡಿಸಲು ಆಗುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತೋ ಏನೋ, ಕೇಳಲಿಲ್ಲ. ದಂಡೆಯಲ್ಲಿ ನಿಂತವನಿಗೆ ಬಿಸಿಲಿನ ಹೊಳಪಲ್ಲಿ ನೀರಿನೊಳಗಿನದು ಕಾಣುವುದಿಲ್ಲ. ಕಾಲುಸೇತುವೆಯ ಮೇಲಿಂದ ಎಲ್ಲ ಕಾಣುತ್ತದೆ, ಆದರೆ ಅಲ್ಲಿನ ಕಬ್ಬಿಣದ ಜಾಲರಿಯ ಹಿಂದೆ ನಿಂತರೆ ರಿಮೋಟು ಕೆಲಸ ಮಾಡುವುದಿಲ್ಲ. ನೀನು ದಂಡೆಯಲ್ಲಿ ರಿಮೋಟು ಹಿಡಿದು ಕುರುಡ, ನಾನು ಸೇತುವೆಯ ಮೇಲೆ ಕೈ ಖಾಲಿಯಿದ್ದ ಕಣ್ಣು. ಎಡ ಎಂದರೆ ನನ್ನ ಎಡವೋ ಅದರ ಎಡವೋ ಎಂದು ಜಗಳವಾಗಿ, ಕೊನೆಗೆ ಒಂದು ದಂಡೆಯಲ್ಲಿ ಬೆಂಚು, ಇನ್ನೊಂದರಲ್ಲಿ ಮರ ಇದ್ದುದರಿಂದ 'ಬೆಂಚಿಗೆ' 'ಮರಕ್ಕೆ' ಎಂದು ಇತ್ಯರ್ಥವಾಯಿತು. ಅದು ಸೇತುವೆಯ ಕಂಬಕ್ಕೆ ಮೂತಿ ಗುದ್ದಲು ಹೊರಟಾಗ 'ಅಳಿಯಂದಿರೇ, ದಯವಿಟ್ಟು' ಎನ್ನಲು ಪುರುಸೊತ್ತೆಲ್ಲಿ? 'ಬೆಂಚಿಗೆ ತಿರುಗಿಸೋ, ತಿರುಗಿಸೋ!' ಎಂದು ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತಂತೆ. ಮನೆಗೆ ಬಂದಾಗ ನೀನು ಅದನ್ನು ಹೇಳಿ ನಕ್ಕೆ, ಅವಳೂ ನಕ್ಕಳು. ಅಂದಿನಿಂದ ನೀನು ನನಗೆ ನೀನಾದೆ. ಅದಾದ ಮೇಲೆ ಎಷ್ಟೋ ಭಾನುವಾರ ಊಟ ಆರಿಹೋದರೂ ನಾವು ಬರುತ್ತಿರಲಿಲ್ಲ, ಅವಳೇ ಕರೆಯಲು ಬರಬೇಕಾಗುತ್ತಿತ್ತು.

ರಿಪೇರಿಯ ಕತೆ ಕೇಳು, ಇದು ನಿನಗೆ ಇಷ್ಟವಾಗುತ್ತದೆ. ಕಿಲುಬನ್ನು ವಿನಿಗರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಹಲ್ಲಿನವನ ಕೈಗೆ ಇನ್ನೇನು ಸಿಗುತ್ತದೆ. ಹೊಟ್ಟೆಯ ಮುಚ್ಚಳದ ರಬ್ಬರ್ ವಾಷರು ಒಣಗಿ ಬಿರುಕುಬಿಟ್ಟಿತ್ತು. ನಲ್ಲಿಯ ಸಾಮಾನಿನ ಅಂಗಡಿಯಲ್ಲಿ ಅಂಥದೇ ಒಂದನ್ನು ಹುಡುಕಿ, ವ್ಯಾಸಲೀನು ಸವರಿ ಕೂರಿಸಿದೆ. ಎಡಗಡೆಯ ಮೋಟಾರು ಮಿಸುಕಲಿಲ್ಲ. ವಿದ್ಯುತ್ತು ನಿನ್ನದು, ನೀರು ನನ್ನದು ಎಂದು ನಾವು ಪಾಲು ಮಾಡಿಕೊಂಡಿದ್ದೆವಲ್ಲ, ನಿನ್ನ ಪಾಲಿನ ಕೆಲಸವೂ ನನ್ನ ತಲೆಗೇ ಬಂತು. ಬಿಟ್ಟುಹೋಗಿದ್ದ ತಂತಿಗೆ ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಟುಕೊಂಡೆ. ನೀನು ಕೂದಲೆಳೆಯಂಥ ತಂತಿಗಳನ್ನು ಅಷ್ಟು ಅಂದವಾಗಿ ಹೇಗೆ ಕೂಡಿಸುತ್ತಿದ್ದೆಯೋ, ನನ್ನ ಬೆಸುಗೆ ಬಾತುಕೊಂಡ ವಸಡಿನ ಹಾಗೆ ಕಾಣುತ್ತದೆ. ಆದರೂ ಬಕೆಟ್ಟಿನಲ್ಲಿ ಬಿಟ್ಟಾಗ ಎರಡೂ ಫ್ಯಾನು ಗಿರ್ರೆಂದವು. ಬಚ್ಚಲುಮನೆಯಲ್ಲಿ ಒಬ್ಬನೇ ನಿಂತು ಜೋರಾಗಿ 'ಬಂತು ನೋಡೇ!' ಎಂದುಬಿಟ್ಟೆ. ಯಾರಿಗೆ ಹೇಳಿದೆನೋ.

ಕೊಳದಲ್ಲಿ ಒಬ್ಬನೇ ಆಡಿಸಿದೆ. ದಂಡೆಯಿಂದ ಒಂದು ಗುಂಡಿ ಒತ್ತುವುದು, ಎಲ್ಲಿಗೆ ಹೋಯಿತೆಂದು ನೋಡಲು ಸೇತುವೆಯ ಮೆಟ್ಟಿಲು ಹತ್ತುವುದು, ಇಳಿದು ಬಂದು ಇನ್ನೊಂದು ಗುಂಡಿ ಒತ್ತುವುದು. ನನ್ನ ಮಂಡಿ ಏನೆಂದಿತೆಂದು ಇಲ್ಲಿ ಬರೆಯಲಾರೆ. ಅದರ ಸ್ವಭಾವ ಒಳ್ಳೆಯದು ನೋಡು, ಸುಮ್ಮನೆ ಬಿಟ್ಟರೆ ತಲೆಯಷ್ಟೇ ಕಾಣುವ ಹಾಗೆ ತೇಲುತ್ತದೆ. ಹೊಟ್ಟೆಯ ಪುಟ್ಟ ಫ್ಯಾನು ತಿರುಗಿದರೆ ಕೆಳಗೆ ಹೋಗುತ್ತದೆ. ತೀರ ಆಳಕ್ಕೆ ಹೋಗಿ ರಿಮೋಟಿನ ಮಾತು ಕೇಳಿಸದಿದ್ದರೆ ಫ್ಯಾನು ನಿಂತು ತಾನಾಗಿ ಮೇಲೆ ಬರುತ್ತದೆ. ಅಗ್ಗದ ಸಾಮಾನಿಗೆ ಅಷ್ಟಾದರೂ ಬುದ್ಧಿ ಇದೆಯಲ್ಲ ಎಂದು ನಂಬಿಕೊಂಡು, ಅದು ಮೇಲೆ ಬರುವವರೆಗೆ ದಂಡೆಯಲ್ಲಿ ಕಾಯುತ್ತಿದ್ದೆ. ಬೇರೆ ಏನು ಕೆಲಸ ನನಗೆ? ಬೀದಿಯ ಕೊನೆಯ ಡಾಕ್ಟರು ಅಪರೂಪಕ್ಕೆ ಬಿರುಕುಬಿಟ್ಟ ಸೆಟ್ಟೊಂದನ್ನು ಕಳಿಸುತ್ತಾರೆ, ಅದು ಮುಗಿದರೆ ದಿನವೂ ಮುಗಿದ ಹಾಗೆ. ಕೊಳಕ್ಕೆ ಹೋಗಲು ಶುರುಮಾಡಿದ ಮೇಲೆ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವುದಕ್ಕೆ ಒಂದು ನೆಪ ಸಿಕ್ಕಿತು.

ಅಲ್ಲಿ ನಮ್ಮ ಬೆಂಚಿನ ಮೇಲೆ ದಿನಾ ಒಬ್ಬ ಹೆಂಗಸು ಕೂರುತ್ತಾರೆ. ನನಗಿಂತ ಹಿರಿಯರು. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಚ್ಚಿಯೇ ಇರುತ್ತದೆ, ಹಾಗಾಗಿ ನನ್ನ ಲೆಕ್ಕದಲ್ಲಿ ಅವರು ಕೊಡೆಯಮ್ಮ. ಕಿವಿ ಮಂದ, ಮೇಲಿನ ಸೆಟ್ಟು ಸಡಿಲ, ಮಾತಾಡಿದರೆ ಟಕ್ ಟಕ್ ಎನ್ನುತ್ತದೆ. ನಾನು ಮಾಡಿದ್ದಲ್ಲ, ಆ ಅವಮಾನ ನನಗೆ ಬೇಡ. ಮೊದಲ ದಿನ 'ಏನ್ರೀ ಅದು, ಮೀನಾ?' ಎಂದರು. ಎರಡನೆಯ ದಿನ 'ಮೊಮ್ಮಗನದಾ?' ಎಂದರು. 'ಅಲ್ಲ, ಅಳಿಯನದು' ಎಂದೆ. 'ಅಳಿಯ ಎಲ್ಲಿ?' 'ಬೇರೆ ಊರಲ್ಲಿ, ಲಿಫ್ಟ್ ರಿಪೇರಿ ಕೆಲಸ.' 'ಮಗಳೂ ಅಲ್ಲೇ ಇದಾಳಾ?' ಎಂದು ಕೇಳಿದರು. ನಾನು ನೀರಿನ ಕಡೆ ನೋಡುತ್ತಾ 'ಹೂಂ, ಅಲ್ಲೇ' ಎಂದುಬಿಟ್ಟೆ.

ಯಾಕೆ ಹಾಗೆಂದೆನೋ, ದೇವರಾಣೆಗೂ ಗೊತ್ತಿಲ್ಲ. ನಾಲಿಗೆಗೆ ಎಲುಬಿಲ್ಲ. ಒಂದು ಸುಳ್ಳು ಹೇಳಿದವನಿಗೆ ಮರುದಿನ ಇನ್ನೊಂದು ಸಿದ್ಧವಿರಬೇಕಲ್ಲ. ಕೊಡೆಯಮ್ಮ ದಿನಾ ಕೇಳುತ್ತಿದ್ದರು, 'ಮಗಳು ಹೇಗಿದಾಳೆ?' ನಾನು ದಿನಾ ಹೇಳುತ್ತಿದ್ದೆ. ಚೆನ್ನಾಗಿದ್ದಾಳೆ. ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆಯುತ್ತಾನೆಂದು ಗಂಡನಿಗೆ ಬಯ್ದಳಂತೆ. ಕಿಟಕಿಗೆ ಹೊಸ ಪರದೆ ಹಾಕಿದ್ದಾಳಂತೆ, ಅದರ ಬಣ್ಣಕ್ಕೆ ಇಬ್ಬರಿಗೂ ಜಗಳವಾಯಿತಂತೆ. ಅವನು ಕೆಲಸದಿಂದ ತಡವಾಗಿ ಬಂದರೆ ಮೆಟ್ಟಿಲ ಮೇಲೆ ಕೂತು ಕಾಯುತ್ತಾಳಂತೆ. ಹೀಗೆ ನಿನಗೆ ಗೊತ್ತಿಲ್ಲದೆ ನಿನ್ನ ಮನೆಗೆ ಒಂದೊಂದೇ ಸಾಮಾನು ಸಾಗಿಸಿ ಸಂಸಾರ ಹೂಡಿದೆ. ಮನೆಗೆ ಬರುವ ದಾರಿಯಲ್ಲಿ ನಾಳೆ ಏನು ಹೇಳಲಿ ಎಂದು ಯೋಚಿಸುತ್ತಾ ಬರುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೆ ಒಂದು ಮಾತು ಹೇಳುತ್ತೇನೆ, ನೀನು ಕೆಲಸದಿಂದ ಬಂದು ಬೀಗ ತೆಗೆದು, ದೀಪ ಹಾಕಿ, ಒಬ್ಬನೇ ಉಣ್ಣುವುದನ್ನು ನಾನು ಎರಡು ವರ್ಷದಿಂದ ಕಣ್ಮುಂದೆ ತಂದುಕೊಂಡು ಸಂಕಟಪಟ್ಟವನು. ಆ ಸುಳ್ಳಿನ ದಿನಗಳಲ್ಲಿ ನಿನ್ನ ಮನೆಯಲ್ಲಿ ನೀನು ಒಬ್ಬನೇ ಇರಲಿಲ್ಲ. ಅದೊಂದು ನೆಮ್ಮದಿ ನನಗೆ ಸುಳ್ಳಿನಿಂದ ಸಿಕ್ಕಿತು.

ಇಷ್ಟರಲ್ಲಿ ಸಬ್‌ಮರೀನು ಸೇತುವೆಯ ಕಂಬಕ್ಕೆ ಗುದ್ದಿ ಬಾಲದ ರೆಕ್ಕೆ ಮುರಿದುಕೊಂಡಿತು. 'ಮರಕ್ಕೆ' ಎಂದು ಹೇಳಲು ಸೇತುವೆಯ ಮೇಲೆ ಯಾರೂ ಇರಲಿಲ್ಲವಲ್ಲ. ರೆಕ್ಕೆಯ ತುಂಡು ಸಿಗಲಿಲ್ಲ. ಆದರೇನಂತೆ, ಇದು ನನ್ನ ಪಾಲಿನ ಕೆಲಸ! ಮೇಣದಲ್ಲಿ ಹೊಸ ರೆಕ್ಕೆ ಕೆತ್ತಿದೆ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಮೇಣ ಕರಗಿಸಿ, ಅಕ್ರಿಲಿಕ್ ಹಿಟ್ಟು ಕಲಸಿ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ, ಅರದಿಂದ ತೀಡಿ ಹೊಳಪು ಕೊಟ್ಟೆ. ನನ್ನ ಹತ್ತಿರ ಇರುವ ಅಕ್ರಿಲಿಕ್ ಒಂದೇ ಬಣ್ಣದ್ದು, ವಸಡಿನದು. ಈಗ ನಮ್ಮ ಬೂದು ಸಬ್‌ಮರೀನಿಗೆ ಗುಲಾಬಿ ವಸಡಿನ ಬಾಲ. ನಾಲ್ಕು ಹಲ್ಲು ಕೂರಿಸಿದ್ದರೆ ನೀರಿನೊಳಗೆ ನಗುತ್ತಿತ್ತು. ನೋಡಲು ಅಂದವೇ, ಆದರೆ ಹಳೆಯ ರೆಕ್ಕೆಗಿಂತ ಭಾರ. ಬಕೆಟ್ಟಿಗೆ ಬಿಟ್ಟರೆ ಬಾಲ ಕೆಳಗೆ, ಮೂತಿ ಮೇಲೆ, ಕತ್ತೆತ್ತಿ ನಿಂತ ಬಾತುಕೋಳಿಯ ಹಾಗಾಯಿತು. ಮೂತಿಗೆ ಸ್ವಲ್ಪ ಭಾರ ಕೊಟ್ಟರೆ ಸರಿಹೋಗುತ್ತದೆಂದು, ಅಚ್ಚಿಗೆ ತಂದು ಉಳಿದಿದ್ದ ಪ್ಲಾಸ್ಟರನ್ನೇ ಕಲಸಿ ಮೂತಿಯ ತೂತುಗಳಿಗೆ ತುಂಬಿ ಒಣಗಿಸಿದೆ. ಬಕೆಟ್ಟಿನಲ್ಲಿ ಚಪ್ಪಟೆಯಾಗಿ, ಮಟ್ಟಸವಾಗಿ ತೇಲಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನೀನು ಈಗಾಗಲೇ ತಲೆ ಚಚ್ಚಿಕೊಂಡಿರುತ್ತೀಯ. ಒಣಗಿದ ಪ್ಲಾಸ್ಟರು ನೀರು ಕುಡಿಯುತ್ತದೆ. ಈ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ಪಾಠವೆಂದು ಅದನ್ನೇ ಹೇಳುತ್ತಿದ್ದವನು ನಾನು. ಬಕೆಟ್ಟಿನಲ್ಲಿ ಒಂದು ಗಳಿಗೆ ನೋಡಿ ತೆಗೆದದ್ದರಿಂದ ಅದಕ್ಕೆ ಕುಡಿಯಲು ಸಮಯ ಸಿಕ್ಕಿರಲಿಲ್ಲ. ಕೊಳದಲ್ಲಿ ಬೇಕಾದಷ್ಟು ಸಿಕ್ಕಿತು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯ ಸುತ್ತಿನಲ್ಲಿ ಕೆಳಗಿಳಿದದ್ದು ಮೇಲೆ ಬರಲಿಲ್ಲ. ಬರುತ್ತದೆ ಎಂದು ಕಾದೆ. ಕೊಡೆಯಮ್ಮನೂ ಕಾದರು. ನೀರಿನ ಮೇಲೆ ಒಂದೆರಡು ಗುಳ್ಳೆ ಬಂದವು, ಆಮೇಲೆ ಅದೂ ಇಲ್ಲ. ರಿಮೋಟಿನ ಗುಂಡಿಗಳನ್ನೆಲ್ಲ ಒಂದೇ ಸಮನೆ ಒತ್ತಿದೆ ಅಳಿಯ. ಒಂದು ಆಟದ ಸಾಮಾನಿಗೆ ಮುದುಕ ಹೀಗೆ ಮಾಡುತ್ತಾನಲ್ಲ ಎಂದು ಬೇರೆಯವರು ನಗಬಹುದು, ನೀನು ನಗುವುದಿಲ್ಲ ಎಂದು ಗೊತ್ತು. ಅವಳು ನಮ್ಮಿಬ್ಬರಿಗೂ ಸೇರಿಸಿ ಕೊಟ್ಟದ್ದು ಅದೊಂದೇ. ಅದನ್ನೂ ನಾನೊಬ್ಬನೇ ಹೋಗಿ ಮುಳುಗಿಸಿದೆ ಎಂದು ನಿನಗೆ ಯಾವ ಮುಖ ಹೊತ್ತು ಹೇಳಲಿ? ಅದೂ ಹೋದರೆ ನೀನು ಈ ಮನೆಗೆ ಬರಲು ಇನ್ನೇನು ಉಳಿಯಿತು ಎನಿಸಿತು.

ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿದೇಬಿಟ್ಟೆ. ಮಡಚಿದ್ದು ದಂಡ, ನಾಲ್ಕು ಹೆಜ್ಜೆಗೇ ನೀರು ತೊಡೆಗೆ ಬಂತು. ತಳದಲ್ಲಿ ಕೆಸರು. ಕಾಲಿಟ್ಟಲ್ಲೆಲ್ಲ ನೀರು ಕದಡಿ ನನಗೆ ಏನೂ ಕಾಣುತ್ತಿರಲಿಲ್ಲ. ಕೊಡೆಯಮ್ಮ ಬಯ್ಯುತ್ತಾ ಎದ್ದು ಸೇತುವೆ ಹತ್ತಿದರು. ಮೇಲಿಂದ ಕೂಗಿದರು, 'ಬಾಲ ಕಾಣ್ತಿದೆ ಕಣ್ರೀ, ಗುಲಾಬಿ ಬಾಲ!' ಬೂದು ಮೈ ಕೆಸರಿನಲ್ಲಿ ಅಡಗಿದ್ದರೂ ವಸಡಿನ ರೆಕ್ಕೆ ಕಂಡಿದೆ. 'ಎಡಕ್ಕೆ' ಎಂದರು, ಯಾರ ಎಡ ಎಂದು ಗೊತ್ತಾಗಲಿಲ್ಲ. ಬೆಂಚಿಗೆ, ಮರಕ್ಕೆ ಎಂದು ಹೇಳಿ ಎಂದೆ, ಅವರಿಗೆ ಕೇಳಿಸಲಿಲ್ಲ. ನಾನು ಎರಡು ಸಲ ಬಗ್ಗಿ ತಡಕಿದೆ, ಎರಡು ಸಲವೂ ಕೈಗೆ ಕೆಸರು ಬಂತು. ಆಗ ಅವರು ಕನಿಕರದಿಂದಲೇ ಕೂಗಿದರು, 'ಹೋಗ್ಲಿ ಬಿಡ್ರೀ, ಮೇಲೆ ಬನ್ನಿ! ಮಗಳಿಗೆ ಹೇಳಿದ್ರೆ ಇನ್ನೊಂದು ತಂದ್ಕೊಡಲ್ವಾ?'

ನಾನು ಅಲ್ಲೇ ನಿಂತು 'ಅವಳಿಲ್ಲ' ಎಂದೆ. 'ಏನಂದ್ರಿ?' ಎಂದರು. 'ಮಗಳಿಲ್ಲ, ತೀರ್ಕೊಂಡ್ಳು' ಎಂದೆ. 'ಕೇಳಿಸ್ಲಿಲ್ಲ, ಜೋರಾಗಿ ಹೇಳಿ!' ಎಂದರು. ಅಳಿಯ, ಎರಡು ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, ಬಂಧುಗಳಿಗೆ ನೀನು ಹೇಳಿದೆ, ಬೀದಿಯವರು ತಮ್ಮತಮ್ಮಲ್ಲೇ ಹೇಳಿಕೊಂಡರು. ನನ್ನ ಪಾಲಿಗೆ ಉಳಿದದ್ದನ್ನು ತೊಡೆಮಟ್ಟ ನೀರಿನಲ್ಲಿ ನಿಂತು, ಗಂಟಲು ಹರಿಯುವ ಹಾಗೆ, ಕೊಳದ ಆಚೆ ದಂಡೆಯವರೂ ತಿರುಗಿ ನೋಡುವ ಹಾಗೆ ಕೂಗಿ ಹೇಳಿದೆ. 'ನನ್ನ ಮಗಳು ಸತ್ತುಹೋದ್ಳು! ಇಲ್ಲ ಅವಳು!' ಕೂಗಿದ ಮೇಲೆ ಅಳು ಬಂತು. ಮುಖ ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಕೆಸರು.

ಕೊಡೆಯಮ್ಮ ಕೊಡೆ ಮಡಚಿ ಕಂಕುಳಿಗಿಟ್ಟು, ಜಾಲರಿಗೆ ಹಣೆ ಒತ್ತಿ ಕೆಳಗೆ ನೋಡಿದರು. ಆಮೇಲೆ ಮೆತ್ತಗೆ, 'ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಇನ್ನೂ ಒಂದು. ಹಾಂ, ಅಲ್ಲೇ ಕೈ ಹಾಕಿ' ಎಂದರು. ಕೈ ಹಾಕಿದೆ, ಸಿಕ್ಕಿತು. ದಂಡೆಗೆ ಬಂದಾಗ ತಮ್ಮ ಸೆರಗಿನಿಂದಲೇ ಅದನ್ನು ಒರೆಸಿ ಕೊಟ್ಟರು. ಮರುದಿನ ನೆಗಡಿಯಲ್ಲೇ ಹೋದೆ. 'ಅದು ಒಣಗ್ತಾ?' ಎಂದು ಕೇಳಿದರು, ಮಗಳ ವಿಷಯ ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಇನ್ನು ಯಾರೂ ಕೇಳುವುದಿಲ್ಲ. ಕೇಳುತ್ತಿದ್ದಾಗ ನಾಚಿಕೆಯಾಗುತ್ತಿತ್ತು, ಕೇಳದೆ ಇರುವುದು ಅದಕ್ಕಿಂತ ಕಷ್ಟವಾಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಅಭ್ಯಾಸಬಲದಿಂದ ಇವತ್ತು ಏನು ಸುದ್ದಿ ಹೇಳಲಿ ಎಂದು ಯೋಚಿಸಿಬಿಡುತ್ತೇನೆ.

ಈಗ ಅದು ಕೆಲಸದ ಮೇಜಿನ ಮೇಲಿದೆ. ಪ್ಲಾಸ್ಟರನ್ನು ಕೆರೆದು ತೆಗೆದು, ಭಾರಕ್ಕೆ ಎರಡು ಕಬ್ಬಿಣದ ಚೂರು ಹುದುಗಿಸಿ ಮೇಣ ತುಂಬಿದ್ದೇನೆ, ಮೇಣ ನೀರು ಕುಡಿಯುವುದಿಲ್ಲ. ಇಡೀ ರಾತ್ರಿ ಬಕೆಟ್ಟಿನಲ್ಲಿ ಬಿಟ್ಟು ನೋಡಿದೆ, ಬೆಳಿಗ್ಗೆಯೂ ಮಟ್ಟಸವಾಗಿ ತೇಲುತ್ತಿತ್ತು. ಸೆಲ್ಲು ತೆಗೆದಿಟ್ಟಿದ್ದೇನೆ. ನಿನ್ನ ಬೆಸುಗೆ ಕೆಲಸವೊಂದು ಬಾಕಿ ಇದೆ, ನನ್ನದನ್ನು ಕಿತ್ತುಹಾಕಿ ನೀಟಾಗಿ ಮಾಡಬೇಕು. ಮೇಜಿನ ಮೇಲಿನ ಶೆಲ್ಫಿನಲ್ಲಿ ಹಳೆಯ ದವಡೆಯ ಅಚ್ಚುಗಳೆಲ್ಲ ಹಾಗೇ ಸಾಲಾಗಿ ಕೂತಿವೆ. ಅವಳ ಮುಂದಿನ ಹಲ್ಲು ಚಕ್ಕೆಯೆದ್ದಾಗ ತೆಗೆದ ಚಿಕ್ಕ ಅಚ್ಚೂ ಅಲ್ಲೇ ಇದೆ. ಇಷ್ಟು ದಿನ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ, ಈ ವಾರ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡೆ. ಸಬ್‌ಮರೀನು ಪಾರ್ಸೆಲ್ ಮಾಡಿ ಕಳಿಸಲೋ, ಇಲ್ಲೇ ಇರಲೋ, ನಿನ್ನ ಇಷ್ಟ.

ಬಿಸಿಬಿಸಿ ಉಣ್ಣು. ಎಷ್ಟೇ ಹೊತ್ತಾದರೂ ಹೊಟ್ಟೆ ಖಾಲಿ ಇಟ್ಟುಕೊಂಡು ಮಲಗಬೇಡ. ಗುಂಡಿಗೆ ಇಳಿಯುವಾಗ ಮೇಲೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿಕೊಂಡೇ ಇಳಿ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಾನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಆಯುಸ್ಸಿನಲ್ಲಿ ಮಿಕ್ಕಿದ್ದು ನಿನಗೆ ಸೇರಲಿ.

ಎಂದೆಂದಿಗೂ ನಿನ್ನ ಕ್ಷೇಮವನ್ನೇ ಬಯಸುವ,
ಮಾವ

ಮರೆತ ಮಾತು: ಲಕೋಟೆ ಅಂಟಿಸಲು ಹೊರಟವನು ಮತ್ತೆ ಬಿಚ್ಚಿದೆ. ಇಷ್ಟು ಪುಟ ಬರೆದು, ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ನನಗೆ ಗೊತ್ತು ಕಣಪ್ಪ. ನಿನ್ನ ಗೆಳೆಯ, ಕನ್ನಡಕದ ಅಂಗಡಿಯವನು, ನಿನ್ನೆ ನನ್ನ ಕನ್ನಡಕ ಕೊಡಲು ಬಂದವನು 'ಮದ್ವೆಗೆ ನೀವೂ ಹೋಗ್ತೀರಲ್ಲ?' ಎಂದುಬಿಟ್ಟು, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಅವನನ್ನು ಬಯ್ಯಬೇಡ. ಸುಳ್ಳು ಹೇಳುವುದಿಲ್ಲ, ನಿನ್ನೆ ರಾತ್ರಿ ಊಟ ಸೇರಲಿಲ್ಲ. ಆದರೆ ನಿನ್ನ ಮನೆಯಲ್ಲಿ ಪರದೆಯ ಬಣ್ಣಕ್ಕೆ ಜಗಳವಾಡುವವರು ಒಬ್ಬರು ನಿಜವಾಗಿ ಇರುತ್ತಾರಲ್ಲ ಎಂದು ಬೆಳಗಿನ ಜಾವ ಅನಿಸಿತು, ಆಮೇಲೆ ನಿದ್ದೆ ಬಂತು. ನೀನು ಮದುವೆಯಾಗುವುದಕ್ಕೆ ನನಗೆ ಬೇಜಾರಿಲ್ಲ, ನನಗೆ ಹೇಳಲು ಹೆದರಿದೆಯಲ್ಲ, ಅದಕ್ಕೆ ಬೇಜಾರು. ನಿನಗೆ ಅಪ್ಪ ಇಲ್ಲ, ನಿನ್ನ ಕಡೆಯ ಹಿರಿಯ ಎಂದು ಅಲ್ಲಿ ಯಾರು ನಿಲ್ಲುತ್ತಾರೆ? ನಾನು ಬರುತ್ತೇನೆ. ಹೋದ ಸಲ ಹೆಣ್ಣಿನ ಕಡೆಯವನಾಗಿ ಓಡಾಡಿ ನನಗೆ ಕೂರಲು ಒಂದು ಕುರ್ಚಿ ಸಿಕ್ಕಿರಲಿಲ್ಲ. ಈ ಸಲ ಗಂಡಿನ ಕಡೆಯವನು, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ತಾರೀಖು ತಿಳಿಸು. ಆ ಹುಡುಗಿಗೂ ಈಗಲೇ ಹೇಳಿಡು, ಗಂಡನ ಮನೆಯಲ್ಲಿ ಮಾವ ಇದ್ದಾರೆ ಎಂದು.